ಕಾರ್ಖಾನೆಯ ಹೊಣೆ, ಕಾರ್ಮಿಕನ ನಡತೆ, ಹೊಳೆಯ ನೀರು

ಕುಮಾರಪಟ್ಟಣದ ಕಾರ್ಖಾನೆಗಳನ್ನು ದಾಟಿದ ಮೇಲೆ ತುಂಗಭದ್ರೆಯು ನಲವಾಗಲ, ಐರಣಿ, ಹಿರೇಬಿದರಿ ಮೊದಲಾದ ರಾಣೆಬೆನ್ನೂರು ತಾಲ್ಲೂಕಿನ ಊರುಗಳ ಅಂಚನ್ನು ತಾಗುತ್ತ ಮುಂದಕ್ಕೆ ಹರಿಯುತ್ತಾಳೆ. ಐರಣಿಯ ಹಳೆಯ ಕೋಟೆಯು ಹೊಳೆಯ ಆಸರೆಯಲ್ಲಿ ಕಟ್ಟಿದುದು; ಅಲ್ಲಿಯ ಮಠವು ಹೊಳೆಮಠವೆಂದೇ ನಾಡಿನಲ್ಲಿ ಹೆಸರಾದುದು; ಅಲ್ಲಿಯ ಹೊಲಗದ್ದೆಗಳ ಬಾಳು ಹೊಳೆಯ ನೀರಿನೊಡನೆ ಹೆಣೆದುಕೊಂಡುದು. ಇಂಥ ಊರಿನ ಕಟ್ಟೆಯ ಮೇಲೆ ಕುಳಿತು, ಉದ್ಯಮಸಂಸ್ಥೆಗಳು ಸಮಾಜದ ವಿಷಯದಲ್ಲಿ ವಹಿಸುವ ಹೊಣೆಗಾರಿಕೆಯು ಅಲ್ಲಿ ದುಡಿಯುವವರ ನಡತೆಯನ್ನು ಪರಿಸರಕ್ಕೆ ಹಿತವಾಗುವಂತೆ ತಿದ್ದುತ್ತದೆಯೆ ಎಂದು ಕೇಳಿದರೆ, ಆ ಪ್ರಶ್ನೆಯು ವಿಶ್ವವಿದ್ಯಾನಿಲಯದ ಪ್ರಬಂಧಗಳ ಮಟ್ಟವನ್ನು ಬಿಟ್ಟು ನೇರವಾಗಿ ಕುಡಿಯುವ ನೀರಿನ ಮಟ್ಟಕ್ಕೆ ಇಳಿದುಬರುತ್ತದೆ. ಏಕೆಂದರೆ ಮೇಲಣ ಕಾರ್ಖಾನೆಯ ರಾತ್ರಿಪಾಳಿಯಲ್ಲಿ ಒಬ್ಬ ಕೆಲಸಗಾರನು ಯಾವ ಕವಾಟವನ್ನು ತೆರೆದನು, ಯಾವುದನ್ನು ಮುಚ್ಚಿದನು ಎಂಬುದರ ಫಲವನ್ನು ಉಣ್ಣತಕ್ಕವರು ಕೆಳಗಣ ಊರಿನವರು. ಮತ್ತು ಆ ಕೆಲಸಗಾರನು ಎಷ್ಟೋ ವೇಳೆ ಅದೇ ಊರಿನವನಾಗಿರುತ್ತಾನೆ.

ಈ ವಿಷಯವನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ವ್ಯವಹಾರಶಾಸ್ತ್ರಜ್ಞರು ಬಹಳವಾಗಿ ಬರೆದಿದ್ದಾರೆ. ಅವರ ಸಾಮಾನ್ಯವಾದ ನಿರ್ಣಯವು ಆಶಾದಾಯಕವಾದುದು: ತನ್ನ ಸಂಸ್ಥೆಯು ಸಮಾಜದ ಹಿತವನ್ನು ಬಯಸುತ್ತದೆಯೆಂದು ನೌಕರನು ಭಾವಿಸಿದಲ್ಲಿ ಅವನು ತಾನಾಗಿಯೇ, ಯಾರ ಅಪ್ಪಣೆಗೂ ಕಾಯದೆ, ವಿದ್ಯುತ್ತನ್ನು ಉಳಿಸುವನು, ನೀರನ್ನು ಮಿತವಾಗಿ ಬಳಸುವನು, ಕಸವನ್ನು ಬೇರ್ಪಡಿಸುವನು, ಸಹೋದ್ಯೋಗಿಗಳಿಗೂ ಹಾಗೆ ಮಾಡಲು ಹೇಳುವನು ಎಂದು. ಇದಕ್ಕೆ ಅವರು ಕೊಡುವ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು ತಾದಾತ್ಮ್ಯ, ಹೆನ್ರಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ವಿವರಿಸಿದಂತೆ, ಮನುಷ್ಯನು ತಾನು ಸೇರಿದ ಗುಂಪಿನ ಗೌರವದಲ್ಲಿ ತನ್ನ ಗೌರವವನ್ನು ಕಾಣುತ್ತಾನಾದುದರಿಂದ, ಹೆಸರುವಾಸಿಯಾದ ಸಂಸ್ಥೆಯ ನೌಕರನು ಆ ಹೆಸರಿಗೆ ತಕ್ಕಂತೆ ನಡೆಯಲು ಹವಣಿಸುತ್ತಾನೆ. ಎರಡನೆಯದು ವಿನಿಮಯ, ಪೀಟರ್ ಬ್ಲೌ ಎಂಬ ಸಮಾಜಶಾಸ್ತ್ರಜ್ಞನು 1964ರಲ್ಲಿ ಪ್ರತಿಪಾದಿಸಿದ ತತ್ತ್ವದಂತೆ, ಉಪಕಾರವನ್ನು ಪಡೆದವನು ಪ್ರತ್ಯುಪಕಾರಕ್ಕೆ ಕಟ್ಟುಬೀಳುತ್ತಾನೆ. ಈ ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ. ‘ನಮ್ಮ ಕಂಪನಿ’ ಎಂದು ಹೇಳುವಾಗ ಕೆಲಸಗಾರನ ಧ್ವನಿಯಲ್ಲಿ ಮೂಡುವ ಅಭಿಮಾನವು ಸುಳ್ಳಲ್ಲ. ಆದರೆ ಆ ಅಭಿಮಾನವು ಹೊಳೆಯ ಕಡೆಗೆ ತಿರುಗುತ್ತದೆಯೊ, ಹೊಳೆಗೆ ಬೆನ್ನುಮಾಡುತ್ತದೆಯೊ ಎಂಬುದು ಅಷ್ಟರಿಂದಲೇ ನಿಶ್ಚಯವಾಗುವುದಿಲ್ಲ.

ಕೆಲಸಗಾರನ ಕೈಯಲ್ಲಿ ನಿಜವಾಗಿ ಏನಿದೆಯೆಂಬುದನ್ನು ಹತ್ತಿರದಿಂದ ನೋಡೋಣ. ರೇಯಾನಿಗೆ ಬೇಕಾದ ಪಲ್ಪನ್ನು ತಯಾರಿಸುವ ಕಾರ್ಖಾನೆಯಲ್ಲಿ ನೀಲಗಿರಿ ಮರದ ಚಕ್ಕೆಗಳನ್ನು ಕ್ಷಾರದ್ರವದೊಡನೆ ಭಾರಿ ಒತ್ತಡದಲ್ಲಿ ಬೇಯಿಸಿದ ಬಳಿಕ, ನಾರು ಒಂದು ಕಡೆಗೂ, ಮರದ ಅಂಟಾದ ಲಿಗ್ನಿನ್ನನ್ನೂ ಬೇಯಿಸಿದ ರಾಸಾಯನಿಕಗಳನ್ನೂ ಒಡಲಲ್ಲಿಟ್ಟುಕೊಂಡ ಕಡುಗಪ್ಪಾದ ದ್ರವವು ಮತ್ತೊಂದು ಕಡೆಗೂ ಬರುತ್ತವೆ. ಈ ದ್ರವಕ್ಕೆ ಬ್ಲ್ಯಾಕ್ ಲಿಕರ್ ಎಂದು ಹೆಸರು. ಇದನ್ನು ಬತ್ತಿಸಿ ರಿಕವರಿ ಬಾಯ್ಲರಿನಲ್ಲಿ ಉರಿಸಿದರೆ ಉಗಿಯೂ ಹುಟ್ಟುತ್ತದೆ, ರಾಸಾಯನಿಕಗಳೂ ಮರಳಿ ಕೈಸೇರುತ್ತವೆ. ಅದೇ ದ್ರವವು ನೆಲಕ್ಕೆ ಚೆಲ್ಲಿ ಚರಂಡಿಯನ್ನು ಹೊಕ್ಕರೆ, ಮಲಿನಜಲವನ್ನು ಶುದ್ಧಿಮಾಡುವ ಇಟಿಪಿಯ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ. ಈಗ ರಾತ್ರಿ ಮೂರನೆಯ ಪಾಳಿಯಲ್ಲಿ ಪಂಪೊಂದರ ಸೋರಿಕೆಯನ್ನು ತಡೆಯುವ ಗ್ಲ್ಯಾಂಡ್ ಸವೆದು ಈ ದ್ರವವು ಹನಿಹನಿಯಾಗಿ, ಬಳಿಕ ಸಣ್ಣ ಧಾರೆಯಾಗಿ ಸೋರತೊಡಗಿತೆನ್ನಿ. ಅಲ್ಲಿ ನಿಂತವನ ಮುಂದೆ ಎರಡು ದಾರಿಗಳಿವೆ. ರಬ್ಬರ್ ಪೈಪನ್ನು ಹಿಡಿದು ನೆಲವನ್ನು ನೀರಿನಿಂದ ತೊಳೆದು, ಬೆಳಗಿನ ಪಾಳಿಯವರು ಬರುವುದರೊಳಗೆ ಎಲ್ಲವನ್ನೂ ಚರಂಡಿಗೆ ಕಳಿಸಿ, ನೆಲವು ಶುಚಿಯಾಗಿ ಕಾಣುವಂತೆ ಮಾಡುವುದು ಒಂದು. ಮೇಲಿನವರನ್ನು ಎಬ್ಬಿಸಿ, ಪಂಪನ್ನು ನಿಲ್ಲಿಸಿ, ಗ್ಲ್ಯಾಂಡನ್ನು ಬದಲಿಸಿ, ಚೆಲ್ಲಿದ್ದನ್ನು ಗುಂಡಿಯಲ್ಲಿ ಹಿಡಿದು ಮರಳಿ ತೊಟ್ಟಿಗೆ ಏರಿಸಿ, ನಡೆದುದೆಲ್ಲವನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡುವುದು ಇನ್ನೊಂದು. ಮೊದಲನೆಯದರಲ್ಲಿ ಅವನಿಗೆ ನಿದ್ರೆಯುಂಟು, ಶಾಂತಿಯುಂಟು. ಎರಡನೆಯದರಲ್ಲಿ ಉತ್ಪಾದನೆಯ ಕೊರತೆಗೆ ಸಮಜಾಯಿಷಿ ಹೇಳುವ ಸಂಕಟವುಂಟು. ಅವನು ಯಾವುದನ್ನು ಆಯ್ದುಕೊಳ್ಳುವನೆಂಬುದು ಅವನ ಸಂಸ್ಥೆಯು ಎಷ್ಟು ಶಾಲೆಗಳಿಗೆ ಬೆಂಚುಗಳನ್ನು ಕೊಟ್ಟಿತೆಂಬುದನ್ನು ಅವಲಂಬಿಸಿಲ್ಲ. ಬೆಳಗಾದ ಮೇಲೆ ಬರುವ ಅಧಿಕಾರಿಯು ‘ರಾತ್ರಿ ಎಷ್ಟು ಟನ್ ಆಯಿತು?’ ಎಂದು ಮೊದಲು ಕೇಳುವನೊ ‘ಎಷ್ಟು ಚೆಲ್ಲಿತು?’ ಎಂದು ಕೇಳುವನೊ, ಅದನ್ನು ಅವಲಂಬಿಸಿದೆ.

ಕೆಲಸಗಾರರ ಪರಿಸರಪ್ರಜ್ಞೆಯೆಂದರೆ ಫ್ಯಾನು ದೀಪಗಳನ್ನು ಆರಿಸುವುದು, ಕಾಗದದ ಎರಡು ಬದಿಗಳಲ್ಲಿಯೂ ಬರೆಯುವುದು ಎಂದು ಬಗೆದವರಿಗೆ ಈ ಉದಾಹರಣೆಯು ಅತಿಯೆನಿಸಬಹುದು. ಕಛೇರಿಯ ಮಟ್ಟಿಗೆ ಅವರ ಎಣಿಕೆ ಸರಿ. ಆದರೆ ಮಾರಿಗೂ ಮದುವೆಗೂ ಒಂದೇ ಅಳತೆಯ ಚಪ್ಪರ ಹಾಕಲಾಗದು. ಕಛೇರಿಯ ದೀಪವನ್ನು ಆರಿಸಿದವನಿಗೆ ಯಾರ ವಿರೋಧವೂ ಇಲ್ಲ, ಸೋರುವ ಪಂಪನ್ನು ನಿಲ್ಲಿಸಿದವನಿಗೆ ಉಂಟು. ಪರಿಸರಕ್ಕೆ ನಿಜವಾಗಿ ಹಿತವನ್ನುಂಟುಮಾಡುವ ನಡತೆಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಗೆ ಸೇರಿದುವು.

ನಮ್ಮ ಕಡೆಯ ಜನರ ನೀತಿಯಲ್ಲಿ ವಿನಿಮಯದ ಈ ತತ್ತ್ವವು ಅನ್ನದ ಋಣವೆಂಬ ರೂಪದಲ್ಲಿ ಬಹು ಹಿಂದಿನಿಂದಲೂ ನೆಲೆಸಿದೆ. ಉಂಡ ಮನೆಯ ಜಂತಿ ಎಣಿಸಬಾರದೆಂಬ ಗಾದೆಯನ್ನು ಬಾಲ್ಯದಲ್ಲಿಯೇ ಕೇಳಿ ಬೆಳೆದವನಿಗೆ, ತನಗೆ ಸಂಬಳವನ್ನೂ ಮಕ್ಕಳಿಗೆ ಶಾಲೆಯನ್ನೂ ತಾಯಿತಂದೆಗಳಿಗೆ ಆಸ್ಪತ್ರೆಯನ್ನೂ ಕೊಟ್ಟ ಸಂಸ್ಥೆಯ ದೋಷವನ್ನು ಬಾಯಿಬಿಟ್ಟು ಹೇಳುವುದು ದ್ರೋಹವೆಂದೇ ತೋರುತ್ತದೆ. ಆದುದರಿಂದ ಪಂಡಿತರು ಹೇಳುವ ಆ ಕೃತಜ್ಞತೆಯ ಬಂಧನವೇ ಎರಡಲುಗಿನ ಕತ್ತಿಯಾಗಿದೆ: ಸಂಸ್ಥೆಯು ಹೊಳೆಯ ಹಿತವನ್ನು ಪ್ರಾಮಾಣಿಕವಾಗಿ ಬಯಸಿದರೆ ಋಣವು ಕೆಲಸಗಾರನನ್ನು ಹೊಳೆಯ ಕಾವಲುಗಾರನನ್ನಾಗಿ ಮಾಡೀತು, ಬಯಸದಿದ್ದರೆ ಅದೇ ಋಣವು ಅವನ ಬಾಯಿಗೆ ಬೀಗ ಹಾಕೀತು. ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆಯು ಹೆಚ್ಚಿದಂತೆಲ್ಲ ನೌಕರರ ಪರಿಸರಪ್ರೀತಿಯೂ ಹೆಚ್ಚುತ್ತದೆಂದು ಗೆರೆಯೆಳೆದು ತೋರಿಸುವವರು ಈ ಎರಡನೆಯ ಸಾಧ್ಯತೆಯನ್ನು ಸಾಕಷ್ಟು ತೂಗಿನೋಡಿಲ್ಲವೆಂಬುದು ನನ್ನ ಆಕ್ಷೇಪ.

ಇದಕ್ಕೆ ಸಾಕ್ಷ್ಯವನ್ನು ದೂರ ಹೋಗಿ ಹುಡುಕಬೇಕಾಗಿಲ್ಲ. ಗ್ವಾಲಿಯರ್ ರೇಯಾನ್ಸ್ ಎಂದು ಮೊದಲು ಹೆಸರಾಗಿದ್ದು ಈಗ ಗ್ರಾಸಿಮ್ ಆಗಿರುವ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಎಂಬ ಪಲ್ಪ್ ಕಾರ್ಖಾನೆಯು ಕುಮಾರಪಟ್ಟಣದಲ್ಲಿ 1972ರಲ್ಲಿಯೂ, ಅದರ ಒಡನಾಡಿಯಾದ ಕೃತಕ ನಾರಿನ ಘಟಕವು 1977ರಲ್ಲಿಯೂ ಕೆಲಸವನ್ನಾರಂಭಿಸಿದುವು. ಹೆಸರು ಹೊಳೆಯಾಚೆಯ ಹರಿಹರದ್ದು, ನೆಲ ರಾಣೆಬೆನ್ನೂರಿನದು. ಮಳೆಯನ್ನೇ ನಂಬಿದ ಈ ಸೀಮೆಗೆ ಅವು ಸಾವಿರಾರು ಕುಟುಂಬಗಳ ಹೊಟ್ಟೆಪಾಡಿನ ದಾರಿಯಾದುವೆಂಬುದನ್ನು ಮರೆತು ಮಾತನಾಡುವುದು ಕೃತಘ್ನತೆಯಾಗುತ್ತದೆ. ಆದರೆ 1980ರ ದಶಕದಲ್ಲಿ, ಬೇಸಗೆಯಲ್ಲಿ ಹೊಳೆಯ ಹರಿವು ಬಡವಾದಾಗ ನೀರಿನ ಬಣ್ಣ ಕೆಡುವುದನ್ನೂ, ಕೆಟ್ಟ ನಾತವನ್ನೂ, ಮೀನುಗಳು ಸತ್ತು ತೇಲುವುದನ್ನೂ ಕೆಳದಂಡೆಯ ಊರುಗಳವರು ದೂರಿಕೊಂಡರು. 1974ರ ಜಲಮಾಲಿನ್ಯ ನಿವಾರಣೆಯ ಕಾಯಿದೆಯು ಆಗಲೇ ಜಾರಿಯಲ್ಲಿದ್ದಿತು. ಅದನ್ನು ನಡೆಸತಕ್ಕ ಮಂಡಲಿಯೂ ಬೆಂಗಳೂರಿನಲ್ಲಿದ್ದಿತು. ಹಾಗಿದ್ದರೂ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು, ಅಮೆರಿಕದಿಂದ ಮರಳಿ ಇದೇ ತಾಲ್ಲೂಕಿನ ಮೇಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸದಲ್ಲಿ ತೊಡಗಿದ್ದ ಎಸ್. ಆರ್. ಹಿರೇಮಠರೂ, ಅವರು ಗೆಳೆಯರೊಡನೆ 1984ರಲ್ಲಿ ಧಾರವಾಡದಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯವೂ, ಹೊಳೆದಂಡೆಯ ರೈತರು ಮತ್ತು ಮೀನುಗಾರರೂ. ಕಾರ್ಖಾನೆಗೆ ಮರವನ್ನೊದಗಿಸಲೆಂದು ಅದೇ 1984ರಲ್ಲಿ ಸರಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ಊರವರ ದನಕರುಗಳು ಮೇಯುವ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಗೆ ಮೀಸಲಿಡಹೊರಟಾಗ ವ್ಯಾಜ್ಯವು ನೀರಿನಿಂದ ನೆಲಕ್ಕೂ ಹಬ್ಬಿತು. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹವು ಇದರ ಒಂದು ಘಟ್ಟ. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾದುದು ಇನ್ನೊಂದು. ತುಂಗಭದ್ರೆಯ ಕೊಳೆಯೆಲ್ಲ ಒಂದೇ ಬಾಗಿಲಿನಿಂದ ಬಂದುದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡತಕ್ಕದ್ದು. ಮೇಲೆ ಭದ್ರಾವತಿಯ ಕಾರ್ಖಾನೆಗಳಿದ್ದುವು, ದಂಡೆಯ ಪಟ್ಟಣಗಳ ಚರಂಡಿಗಳು ಇಂದಿಗೂ ಇವೆ.

ಈ ಕಥೆಯನ್ನು ಓದುವಾಗ ನನ್ನನ್ನು ಕಾಡುವ ಸಂಗತಿಯೆಂದರೆ, ನೀರಿಗೆ ಏನು ಸೇರುತ್ತಿದೆಯೆಂಬುದನ್ನು ಎಲ್ಲರಿಗಿಂತ ಮೊದಲು ಮತ್ತು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾದ ಕೆಲಸಗಾರರು ಇಂಥ ವ್ಯಾಜ್ಯಗಳಲ್ಲಿ ಸಾಕ್ಷಿಗಳಾಗಿ ಕಾಣಿಸಿಕೊಳ್ಳುವುದು ಅಪೂರ್ವವೆಂಬುದು. ಇದೇ ಸಂಸ್ಥೆಯು 1963ರಲ್ಲಿ ಕೇರಳದ ಮಾವೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಇತಿಹಾಸದಲ್ಲಿ ಇದರ ದಾರುಣವಾದ ರೂಪವನ್ನು ನೋಡಬಹುದು. ಚಾಲಿಯಾರ್ ನದಿಯ ದಂಡೆಯ ವಾಳಕ್ಕಾಡಿನಲ್ಲಿ ಕೆ. ಎ. ರಹಮಾನ್ ಎಂಬವರು ಜನರನ್ನು ಕಲೆಹಾಕಿ ನದಿಯ ಮಾಲಿನ್ಯದ ವಿರುದ್ಧ ಹೋರಾಡುತ್ತಿದ್ದರೆ, ಕಾರ್ಖಾನೆಯು 1985ರಿಂದ ಮೂರು ವರ್ಷ ಮುಚ್ಚಿದ್ದಾಗ ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಹಲವರು ಆತ್ಮಹತ್ಯೆ ಮಾಡಿಕೊಂಡರು. ಒಂದು ಪಕ್ಷದವರಿಗೆ ಕಾರ್ಖಾನೆಯು ನಡೆಯುವುದೇ ಮರಣ, ಇನ್ನೊಂದು ಪಕ್ಷದವರಿಗೆ ಅದು ನಿಲ್ಲುವುದೇ ಮರಣ ಎಂಬ ಸ್ಥಿತಿಯಲ್ಲಿ ಕೆಲಸಗಾರನಿಂದ ಪರಿಸರಸ್ನೇಹವನ್ನು ಅಪೇಕ್ಷಿಸುವುದು ಕ್ರೌರ್ಯವಲ್ಲದೆ ಬೇರೇನು? ರಹಮಾನರು 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಕಾರ್ಖಾನೆಯು ಕಡೆಗೆ ಶಾಶ್ವತವಾಗಿ ಮುಚ್ಚಿತು.

ಜಪಾನಿನ ಮಿನಾಮಾತದ ವೃತ್ತಾಂತವು ಇನ್ನೂ ಹೆಚ್ಚಿನ ಬೆಳಕನ್ನು ಬೀರುತ್ತದೆ. ಚಿಸ್ಸೊ ಎಂಬ ರಾಸಾಯನಿಕ ಕಂಪನಿಯು ಕೊಲ್ಲಿಗೆ ಬಿಡುತ್ತಿದ್ದ ಪಾದರಸದ ದೆಸೆಯಿಂದ ಮೀನು ತಿನ್ನುವ ಜನರಿಗೆ ನರಗಳ ರೋಗವು ತಗುಲಿದುದು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂತು. ಕಂಪನಿಯ ಆಸ್ಪತ್ರೆಯ ವೈದ್ಯರೇ ಆಗಿದ್ದ ಹಾಜಿಮೆ ಹೊಸೊಕಾವಾ ಅವರು 1959ರಲ್ಲಿ ಕಾರ್ಖಾನೆಯ ಕಲ್ಮಷವನ್ನು ಬೆಕ್ಕಿಗೆ ಉಣಿಸಿ, ಅದಕ್ಕೂ ಅದೇ ರೋಗವು ಬಂದುದನ್ನು ಕಣ್ಣಾರೆ ಕಂಡರು. ಕಂಪನಿಯು ಪ್ರಯೋಗವನ್ನು ಮುಂದುವರಿಸಗೊಡಲಿಲ್ಲ, ಅವರೂ ಸುಮ್ಮನಾದರು. ಸತ್ಯವನ್ನು ನುಡಿಯಲು ಅವರಿಗೆ ಅವಕಾಶ ದೊರೆತುದು 1970ರಲ್ಲಿ, ಮರಣಶಯ್ಯೆಯಲ್ಲಿ ಮಲಗಿದ್ದಾಗ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 1968ರ ಆಗಸ್ಟಿನಲ್ಲಿ, ಅದೇ ಕಂಪನಿಯ ಕಾರ್ಮಿಕ ಸಂಘಗಳಲ್ಲೊಂದು ಅಸಾಧಾರಣವಾದ ಕೆಲಸವನ್ನು ಮಾಡಿತು: ಇಷ್ಟು ವರ್ಷಗಳ ಕಾಲ ರೋಗಿಗಳ ಪಕ್ಷದಲ್ಲಿ ನಿಂತು ಹೋರಾಡದೆ ಇದ್ದುದಕ್ಕೆ ತಾನು ನಾಚಿಕೆಪಡುತ್ತೇನೆಂದು ಬಹಿರಂಗವಾಗಿ ಸಾರಿತು. ಈ ಸಂಘದವರಿಗೆ ಪರಿಸರದ ಪಾಠವನ್ನು ಹೇಳಿಕೊಟ್ಟವರು ಯಾರು? 1962ರಿಂದ 63ರವರೆಗೆ ನಡೆದ ದೀರ್ಘವಾದ ವೇತನದ ಮುಷ್ಕರದಲ್ಲಿ ಅವರು ಕಂಪನಿಯೊಡನೆ ಸೆಣಸಿದ್ದರು; ಕಂಪನಿಯು ತಮ್ಮನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ಕಂಡ ಮೇಲೆ, ಬೆಸ್ತರನ್ನು ಹೇಗೆ ನಡೆಸಿಕೊಂಡಿರಬಹುದೆಂಬುದು ಅವರಿಗೆ ತಿಳಿದುಬಂತು. ಅವರ ಕಣ್ಣು ತೆರೆದುದು ಕಂಪನಿಯ ಔದಾರ್ಯದಿಂದಲ್ಲ. ಕಂಪನಿಯೊಡನೆ ಅವರ ತಾದಾತ್ಮ್ಯವು ಮುರಿದುಬಿದ್ದುದರಿಂದ. ಪ್ರಬಂಧಗಳ ಸಿದ್ಧಾಂತಕ್ಕೆ ಇದು ತೀರ ವ್ಯತಿರಿಕ್ತವಾದ ನಿದರ್ಶನ.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. 2013ರ ಕಂಪನಿಗಳ ಕಾಯಿದೆಯ 135ನೆಯ ಪ್ರಕರಣವು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದು, 500 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತಾಗಲಿ, 1,000 ಕೋಟಿಯ ವಹಿವಾಟಾಗಲಿ, 5 ಕೋಟಿಯ ನಿವ್ವಳ ಲಾಭವಾಗಲಿ ಉಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಹಿತಕ್ಕಾಗಿ ವೆಚ್ಚಮಾಡಬೇಕೆಂದು ವಿಧಿಸಿತು; ಅದರಲ್ಲಿಯೂ ಕಾರ್ಖಾನೆಯ ಸುತ್ತಣ ಪ್ರದೇಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂದಿತು. ಜನರ ಬಾಯಲ್ಲಿ ಇದು ‘ಸಿಎಸ್‌ಆರ್ ದುಡ್ಡು’. ಈ ಕಾಯಿದೆಯಡಿಯ ನಿಯಮಗಳನ್ನು ಓದಿದವರಿಗೆ ಒಂದು ವಿಚಿತ್ರವು ಎದ್ದುಕಾಣುತ್ತದೆ. ಕಂಪನಿಯ ವಾಡಿಕೆಯ ವ್ಯವಹಾರಕ್ಕೆ ಸೇರಿದ ಕೆಲಸಗಳು ಈ ಲೆಕ್ಕಕ್ಕೆ ಬರುವುದಿಲ್ಲ; ತನ್ನ ನೌಕರರ ಪ್ರಯೋಜನಕ್ಕೆ ಮಾಡಿದ ಕೆಲಸಗಳೂ ಬರುವುದಿಲ್ಲ; ಬೇರೆ ಕಾನೂನಿನ ಮೇರೆಗೆ ಮಾಡಲೇಬೇಕಾದ ಕೆಲಸಗಳೂ ಬರುವುದಿಲ್ಲ. ಹೀಗೆ ಹೊರಗಿಟ್ಟುದು ನ್ಯಾಯವೇ ಆಗಿದೆ. ಇಲ್ಲವಾದರೆ ತನ್ನ ಚರಂಡಿಯನ್ನು ತಾನು ಶುದ್ಧಿಮಾಡಿಕೊಂಡ ಕಂಪನಿಯು ಅದನ್ನೇ ದಾನವೆಂದು ಬರೆದುಕೊಳ್ಳುತ್ತಿದ್ದಿತು. ಆದರೆ ನ್ಯಾಯವಾದ ಈ ಏರ್ಪಾಡಿನ ಪರಿಣಾಮವಾಗಿ, ಕಾನೂನು ಹೊಣೆಗಾರಿಕೆಯೆಂದು ಕರೆಯುವ ವಸ್ತುವು ಕಾರ್ಖಾನೆಯ ಗೇಟಿನಿಂದ ಹೊರಗೆ ಮಾತ್ರ ಬದುಕುವಂತಾಯಿತು. ಸಿಎಸ್‌ಆರ್ ವಿಭಾಗವೇ ಬೇರೆ, ಉತ್ಪಾದನಾ ವಿಭಾಗವೇ ಬೇರೆ. ಒಂದರ ಅಧಿಕಾರಿಯು ಗ್ರಾಮಪಂಚಾಯಿತಿಯ ಅಧ್ಯಕ್ಷರೊಡನೆ ಶುದ್ಧನೀರಿನ ಘಟಕದ ರಿಬ್ಬನನ್ನು ಕತ್ತರಿಸುತ್ತಿರುವಾಗ, ಇನ್ನೊಂದರ ಅಧಿಕಾರಿಯು ಒಳಗೆ ಟನ್ನುಗಳನ್ನು ಎಣಿಸುತ್ತಿರುತ್ತಾನೆ. ಗಿರಣಿಯ ನೆಲದ ಮೇಲೆ ನಿಂತ ಕೆಲಸಗಾರನ ಅನುಭವಕ್ಕೆ ಬರುವುದು ಈ ಎರಡನೆಯವನು.

ಜೂನ್ 5ರ ಪರಿಸರ ದಿನದಂದು ಕಾರ್ಖಾನೆಗಳಲ್ಲಿ ನಡೆಯುವ ಸಸಿ ನೆಡುವ ಸಮಾರಂಭಗಳನ್ನು ನಾನು ಅಪಹಾಸ್ಯ ಮಾಡಬಯಸುವುದಿಲ್ಲ, ಆ ಸಮಾರಂಭಕ್ಕೆ ಕಟ್ಟಿದ ಫ್ಲೆಕ್ಸ್ ಬ್ಯಾನರ್ ಮಾತ್ರ ಸಸಿಗಿಂತ ಹೆಚ್ಚು ಕಾಲ ಉಳಿಯುವುದನ್ನು ಯಾರು ಬೇಕಾದರೂ ನೋಡಬಹುದು. ನನ್ನ ಶಂಕೆ ಇನ್ನೊಂದು. ಒಂದು ಪುಣ್ಯಕಾರ್ಯವನ್ನು ಮಾಡಿದವನು ಅದರ ಬಲದಿಂದ ಮುಂದಿನ ಒಂದು ಸಣ್ಣ ಪಾಪಕ್ಕೆ ತನಗೆ ತಾನೇ ಅನುಮತಿ ಕೊಟ್ಟುಕೊಳ್ಳುತ್ತಾನೆಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಗುರುತಿಸಿದ್ದಾರೆ. ನಮ್ಮ ಹಿರಿಯರು ಪ್ರಯೋಗವಿಲ್ಲದೆಯೇ ಗುರುತಿಸಿದ್ದರು. ಬೆಳಗ್ಗೆ ಸಸಿಯನ್ನು ನೆಟ್ಟು ಛಾಯಾಚಿತ್ರಕ್ಕೆ ನಿಂತ ಕೈ ರಾತ್ರಿ ರಬ್ಬರ್ ಪೈಪನ್ನು ಹಿಡಿದಾಗ ಅದಕ್ಕೆ ಅಳುಕು ಕಡಿಮೆಯಾಗುವುದು ಅಸಂಭವವಲ್ಲ. ಅದಕ್ಕಿಂತಲೂ ಕೆಟ್ಟದು ಕೆಲಸಗಾರನು ಸಿನಿಕನಾಗುವುದು. ಸಂಸ್ಥೆಯು ಹೊರಗೆ ಆಡುವ ಮಾತಿಗೂ ಒಳಗೆ ನಡೆಸುವ ನಡೆಗೂ ಇರುವ ಅಂತರವನ್ನು ಪತ್ರಿಕೆಯವರಾಗಲಿ ಸರಕಾರದವರಾಗಲಿ ಕಾಣದಿರಬಹುದು. ದಿನವೂ ಅದರ ನಡುವೆ ಓಡಾಡುವವನು ಕಾಣುತ್ತಾನೆ. ಕಂಡವನು ಆ ಬಳಿಕ ಯಾವ ಘೋಷಣೆಯನ್ನೂ ನಂಬುವುದಿಲ್ಲ.

ತುಂಗಭದ್ರೆಯ ಇದೇ ದಂಡೆಯಲ್ಲಿ, ಐರಣಿಯಿಂದ ಇನ್ನೂ ಕೆಳಗೆ, ಇದೇ ತಾಲ್ಲೂಕಿನ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿದೆ. ಹೊಳೆಯನ್ನೇ ತನ್ನ ಕೆಲಸದ ಸ್ಥಳವನ್ನಾಗಿ ಮಾಡಿಕೊಂಡಿದ್ದ ಆ ಶರಣನ ಕಾಲದವರು, ಕಾಯಕವೆಂದೂ ದಾಸೋಹವೆಂದೂ ಎರಡನ್ನು ಒಟ್ಟಿಗೆ ಹೇಳಿದರು, ಮತ್ತು ಅವುಗಳಲ್ಲಿ ಒಂದು ಕ್ರಮವನ್ನಿಟ್ಟರು: ಶುದ್ಧವಾದ ಕಾಯಕದಿಂದ ಬಂದುದಲ್ಲದ ದಾಸೋಹವು ಸಲ್ಲದು. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದುಬರುವಂತೆ ಕಳುಹಿದ ಕಥೆಯನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಗಾಂಧೀಜಿಯವರ ಧರ್ಮದರ್ಶಿತ್ವದ ತತ್ತ್ವವೂ ಇದೇ ಗೋತ್ರದ್ದು. ಸಂಪತ್ತನ್ನು ಗಳಿಸಿದ ಬಳಿಕ ಹಂಚುವುದಷ್ಟನ್ನೇ ಅವರು ಹೇಳಲಿಲ್ಲ, ಗಳಿಸುವ ರೀತಿಯನ್ನೂ ಲೋಕದ ಆಸ್ತಿಯ ಪಾಲಕನಂತೆ ನಡೆಸಬೇಕೆಂದರು. ಈ ಮಾತನ್ನು ಅವರಿಂದ ಅತಿ ಸಮೀಪದಲ್ಲಿ ಕೇಳಿದ ಉದ್ಯಮಪತಿಗಳಲ್ಲಿ ಘನಶ್ಯಾಮದಾಸ ಬಿರ್ಲಾ ಅವರೂ ಒಬ್ಬರೆಂಬುದನ್ನು ಅವರ ಮನೆತನದ್ದೇ ಆದ ಕುಮಾರಪಟ್ಟಣದ ಕಾರ್ಖಾನೆಯ ಸಂದರ್ಭದಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. 1970ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞನು, ಉದ್ಯಮದ ಹೊಣೆಯು ನಿಯಮಗಳೊಳಗಿದ್ದು ಲಾಭವನ್ನು ಹೆಚ್ಚಿಸುವುದೊಂದೇ ಎಂದು ಬರೆದು ಬಹಳ ಜನರ ನಿಂದೆಗೆ ಗುರಿಯಾದನು. ಅವನ ಮಾತು ನನಗೆ ಒಪ್ಪಿಗೆಯಲ್ಲ. ಆದರೂ, ನಿಯಮವನ್ನು ಒಳಗೆ ಮುರಿದು ಹೊರಗೆ ದಾನ ಮಾಡುವವನಿಗಿಂತ, ನಿಯಮವನ್ನು ಪಾಲಿಸಿ ದಾನ ಮಾಡದೆ ಇರುವವನ ಕೈಕೆಳಗೆ ದುಡಿಯುವವನು ಪರಿಸರಕ್ಕೆ ಹೆಚ್ಚು ಹಿತವಾಗಿ ನಡೆದುಕೊಳ್ಳುವನೆಂದು ನಾನು ಭಾವಿಸುತ್ತೇನೆ.

ಕೆಲಸಗಾರನೆಂದು ಏಕವಚನದಲ್ಲಿ ಹೇಳುತ್ತ ಬಂದುದರಿಂದ ಒಂದು ಮುಖ್ಯವಾದ ಭೇದವು ಮರೆಯಾಗಬಾರದು. ಇಂದಿನ ದೊಡ್ಡ ಕಾರ್ಖಾನೆಗಳಲ್ಲಿ ಕಾಯಮ್ ನೌಕರರ ಜೊತೆಗೆ ಗುತ್ತಿಗೆದಾರರ ಮೂಲಕ ಬಂದವರು ಬಹುಸಂಖ್ಯೆಯಲ್ಲಿರುತ್ತಾರೆ. ತೊಟ್ಟಿಗಳನ್ನು ತೊಳೆಯುವುದು, ಕೆಸರನ್ನು ಎತ್ತುವುದು, ಚರಂಡಿಯನ್ನು ಬಳಿಯುವುದು ಮೊದಲಾದ, ಹೊಳೆಗೆ ತೀರ ಸಮೀಪದ ಕೆಲಸಗಳು ಹೆಚ್ಚಾಗಿ ಇವರ ಪಾಲಿಗೇ ಬರುತ್ತವೆ. ಯಾವ ಕಂಪನಿಯ ಹೆಸರೂ ಇವರ ಹೆಸರಾಗಿಲ್ಲ. ಇವರ ಸಂಬಳದ ಚೀಟಿಯ ಮೇಲೆ ಗುತ್ತಿಗೆದಾರನ ಹೆಸರಿರುತ್ತದೆ, ಆ ಗುತ್ತಿಗೆದಾರನೂ ಎರಡು ವರ್ಷಕ್ಕೊಮ್ಮೆ ಬದಲಾಗುವುದುಂಟು. ತಾದಾತ್ಮ್ಯದಿಂದ ಪರಿಸರಸ್ನೇಹವು ಹುಟ್ಟುತ್ತದೆಂಬ ಸಿದ್ಧಾಂತವು ಇವರ ವಿಷಯದಲ್ಲಿ ಕಾಲೂರಲು ನೆಲವನ್ನೇ ಕಾಣದು. ಹೊಳೆಯ ಮೇಲೆ ಕಾಳಜಿಯುಳ್ಳ ಕಂಪನಿಯು ಮಾಡತಕ್ಕ ಮೊದಲ ಪರಿಸರಕಾರ್ಯವು, ಇಟಿಪಿಯಲ್ಲಿ ದುಡಿಯುವವನನ್ನು ಕಾಯಮ್ ಮಾಡುವುದು ಎಂದರೆ ನಗತಕ್ಕವರು ನಗಲಿ.

ಬ್ಯಾಡಗಿಯ ಪೇಟೆಯನ್ನು ನೋಡಿದರೆ ಈ ವಿಚಾರಕ್ಕೆ ಇನ್ನೊಂದು ಮುಖವು ದೊರೆಯುತ್ತದೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಅಲ್ಲಿಯ ಮೆಣಸಿನಕಾಯಿಯ ಸುತ್ತ ಅಡತಿ ಅಂಗಡಿಗಳು, ಶೀತಲಗೃಹಗಳು, ಪುಡಿ ಮಾಡುವ ಗಿರಣಿಗಳು, ಬಣ್ಣದ ಸತ್ತ್ವವನ್ನು ತೆಗೆಯುವ ಘಟಕಗಳು ಬೆಳೆದಿವೆ. ಇವುಗಳಲ್ಲಿ ಚಿಕ್ಕವುಗಳಿಗೆ 135ನೆಯ ಪ್ರಕರಣವು ತಾಗುವುದೇ ಇಲ್ಲ. ಅಲ್ಲಿ ತೊಟ್ಟು ಬಿಡಿಸುವ ಹೆಂಗಸರು ಸೆರಗಿನಿಂದ ಮೂಗುಬಾಯಿ ಕಟ್ಟಿಕೊಂಡು ಘಾಟಿನ ನಡುವೆ ದಿನವಿಡೀ ಕುಳಿತಿರುತ್ತಾರೆ. ಆದರೆ ಚಿಕ್ಕ ಗಿರಣಿಯಲ್ಲಿ ಒಂದು ಅನುಕೂಲವುಂಟು: ಮಾಲಕನು ಕಣ್ಣೆದುರಿಗೇ ಇರುತ್ತಾನೆ. ಧೂಳು ಹಿಡಿಯುವ ಚೀಲವನ್ನು ಅವನು ತಾನೇ ನಿಂತು ಕಟ್ಟಿಸಿದರೆ ಆಳುಗಳೂ ಕಟ್ಟುತ್ತಾರೆ. ಅವನು ತೊಟ್ಟುಗಳನ್ನು ರಸ್ತೆಯ ಬದಿಗೆ ಸುರಿಸಿ ಬೆಂಕಿಯಿಟ್ಟರೆ ಆಳುಗಳೂ ಇಡುತ್ತಾರೆ. ಹೊಣೆಗಾರಿಕೆಯ ವರದಿಯೂ ಇಲ್ಲ, ವಿಭಾಗವೂ ಇಲ್ಲ, ಹಾಗಿದ್ದರೂ ಯಜಮಾನನ ನಡತೆಯು ಆಳಿನ ನಡತೆಯಾಗಿ ಸಂಜೆಯೊಳಗೆ ಇಳಿದುಬರುತ್ತದೆ. ಸಾವಿರಾರು ಜನರ ಕಾರ್ಖಾನೆಯಲ್ಲಿ ಈ ಸಾಮೀಪ್ಯವು ಸಾಧ್ಯವಿಲ್ಲವಾದುದರಿಂದ ಅದರ ಸ್ಥಾನದಲ್ಲಿ ಬೇರೊಂದು ಏರ್ಪಾಡು ಬೇಕು.

ಆ ಏರ್ಪಾಡು ಹೇಗಿರಬೇಕು? ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ ಅಧ್ಯಾಯವು, ಸನ್ನಿಹಿತವಾದ ಅಪಾಯವನ್ನು ಕಂಡ ಕೆಲಸಗಾರನು ಎಚ್ಚರಿಕೆ ಕೊಡುವ ಹಕ್ಕನ್ನು ಮಾನ್ಯಮಾಡಿತು. ಆದರೆ ಅದು ಮನುಷ್ಯರ ಪ್ರಾಣಾರೋಗ್ಯಗಳ ಮಾತು. ಹೊಳೆಯ ಪರವಾಗಿ ಎಚ್ಚರಿಕೆ ಕೊಟ್ಟವನಿಗೆ ಅಂಥ ರಕ್ಷಣೆಯನ್ನು ಕಂಪನಿಯು ತಾನಾಗಿಯೇ ಲಿಖಿತವಾಗಿ ಕೊಡಬಹುದು: ಸೋರಿಕೆಯನ್ನು ವರದಿಮಾಡಿ ಪಂಪನ್ನು ನಿಲ್ಲಿಸಿದವನ ಪಾಳಿಯಲ್ಲಿ ಕಡಿಮೆಯಾದ ಉತ್ಪಾದನೆಯು ಅವನ ದೋಷವಲ್ಲವೆಂದು. ಉತ್ಪಾದನೆಗೆ ಕೊಡುವ ಬೋನಸಿನ ಲೆಕ್ಕದಲ್ಲಿ ಚರಂಡಿಗೆ ಹೋದುದರ ಲೆಕ್ಕವನ್ನೂ ಸೇರಿಸಬಹುದು. ಪಲ್ಪ್ ಮತ್ತು ಕಾಗದದ ಉದ್ಯಮವೂ ಸೇರಿದಂತೆ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳು ತಾವು ಹೊರಬಿಡುವ ನೀರಿನ ಗುಣವನ್ನು ಸದಾಕಾಲ ಅಳೆಯುವ ಉಪಕರಣವನ್ನು ಇಟ್ಟಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2014ರಲ್ಲಿ ಆಜ್ಞಾಪಿಸಿದೆ. ಆ ಅಂಕೆಗಳು ಮಂಡಲಿಯ ಕಂಪ್ಯೂಟರಿಗೆ ಹೋಗುತ್ತವೆ. ಅವೇ ಅಂಕೆಗಳು ಕ್ಯಾಂಟೀನಿನ ಗೋಡೆಯ ಮೇಲೆ ಕನ್ನಡದಲ್ಲಿ, ಪಾಳಿವಾರಾಗಿ ಬರುವಂತೆ ಮಾಡಿದರೆ, ಊಟಕ್ಕೆ ಕುಳಿತ ಕೆಲಸಗಾರನು ತನ್ನ ಪಾಳಿಯ ಹೊಳೆಯನ್ನು ತಾನೇ ಓದಬಲ್ಲನು.

ಆದುದರಿಂದ ತುಂಗಭದ್ರೆಯ ದಂಡೆಯ ಕಾರ್ಖಾನೆಗಳ ಆಡಳಿತದವರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿ ಮುಗಿಸುತ್ತೇನೆ. ಶುದ್ಧನೀರಿನ ಘಟಕಗಳನ್ನು ಕಟ್ಟಿಸಿರಿ, ಶಾಲೆಗೆ ಬೆಂಚುಗಳನ್ನು ಕೊಡಿರಿ, ಬೇಡವೆನ್ನುವವರಾರೂ ಇಲ್ಲ. ಆದರೆ ವರ್ಷಕ್ಕೆ ಎರಡು ಬಾರಿ ಐರಣಿಯಂಥ ಊರಿನ ಗ್ರಾಮಸಭೆಗೆ ಸಿಎಸ್‌ಆರ್ ಅಧಿಕಾರಿಯ ಬದಲು ಇಟಿಪಿಯಲ್ಲಿ ಕೆಲಸ ಮಾಡುವವರನ್ನೇ ಕಳುಹಿ, ಆ ಆರು ತಿಂಗಳ ನೀರಿನ ಅಂಕೆಗಳನ್ನು ಅವರ ಬಾಯಿಂದಲೇ ಓದಿಸಿರಿ, ಊರವರ ಪ್ರಶ್ನೆಗಳಿಗೆ ಅವರಿಂದಲೇ ಉತ್ತರ ಹೇಳಿಸಿರಿ. ಇದಕ್ಕೆ ಶೇಕಡ 2ರ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯಬೇಕಾಗಿಲ್ಲ, ಮತ್ತು ಇದನ್ನು ಮಾಡಬಾರದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.